ಹೊಟ್ಟೆಗೆ ಮಾತ್ರ ಕ್ರಮ ಬೇರೆ ಯಾಕೆ?

ಪ್ರಶ್ನೆ: ನಾನು ಜಿಎನ್‌ಎಂ ನರ್ಸಿಂಗ್ ಕೋರ್ಸಿನ ಮೊದಲ ವರ್ಷದ ವಿದ್ಯಾರ್ಥಿನಿ. ರೋಗಿಯ ದೇಹ ಪರೀಕ್ಷೆಯ ಕ್ರಮವನ್ನು ಇನ್‌ಸ್ಪೆಕ್ಷನ್, ಪಾಲ್ಪೇಷನ್, ಪರ್ಕಷನ್, ಆಸ್ಕಲ್ಟೇಷನ್ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಹೊಟ್ಟೆಯ ಪಾಠ ಬಂದಾಗ ಮೇಡಂ ಆಸ್ಕಲ್ಟೇಷನ್ನೇ ಎರಡನೆಯದು ಎಂದರು. ಯಾಕೆ ಹೀಗೆ?

ಉತ್ತರ: ಮೇಡಂ ಹೇಳಿದ್ದು ಸರಿ. ನಾಲ್ಕೂ ಪದಗಳಿಗೆ ಅರ್ಥ ಸರಳ: ಕಣ್ಣಿಂದ ನೋಡುವುದು, ಕೈಯಿಂದ ಮುಟ್ಟಿ ನೋಡುವುದು, ಬೆರಳಿಂದ ತಟ್ಟಿ ನೋಡುವುದು, ಸ್ಟೆತಾಸ್ಕೋಪ್ ಇಟ್ಟು ಆಲಿಸುವುದು. ಎದೆಗೆ ಈ ಕ್ರಮವೇ ನಡೆಯುತ್ತದೆ. ನೀವು ಬೆನ್ನು ಮುಟ್ಟಿದ ಮಾತ್ರಕ್ಕೆ ಶ್ವಾಸಕೋಶದ ಸದ್ದೇನೂ ಬದಲಾಗುವುದಿಲ್ಲ.

ಕರುಳಿನ ಕಥೆ ಬೇರೆ. ಒತ್ತಿದರೆ, ತಟ್ಟಿದರೆ ಅದರ ಚಲನೆಯೇ ಬದಲಾಗಬಹುದು. ಆಮೇಲೆ ಕೇಳುವ ಗುಡುಗುಡು ರೋಗಿಯದೋ, ನಿಮ್ಮ ಕೈ ಎಬ್ಬಿಸಿದ್ದೋ ತಿಳಿಯುವುದು ಹೇಗೆ? ಪುಸ್ತಕಗಳು ಸಾಮಾನ್ಯವಾಗಿ ಈ ಕಾರಣವನ್ನೇ ಕೊಡುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಇನ್ನೊಂದಿದೆ. ನೋವಿರುವ ಜಾಗವನ್ನು ಮೊದಲೇ ಒತ್ತಿಬಿಟ್ಟರೆ ರೋಗಿ ಹೊಟ್ಟೆ ಬಿಗಿಹಿಡಿಯುತ್ತಾರೆ, ಆಮೇಲೆ ಕೈ ಹತ್ತಿರ ತಂದರೂ ತಡೆಯುತ್ತಾರೆ. ಮುಂದಿನ ಪರೀಕ್ಷೆಯೆಲ್ಲ ಅಲ್ಲಿಗೆ ಕೆಟ್ಟಿತು.

ಹಾಗಾಗಿ ಹೊಟ್ಟೆಗೆ ನೋಡು, ಆಲಿಸು, ತಟ್ಟು, ಕೊನೆಗೆ ಒತ್ತು. ಮೊದಲು ಮೂತ್ರಕ್ಕೆ ಹೋಗಿಬರಲು ಹೇಳಿ, ಅಂಗಾತ ಮಲಗಿಸಿ, ಮೊಣಕಾಲು ತುಸು ಮಡಿಸಿಸಿ. ಹೊಟ್ಟೆಯ ಸ್ನಾಯು ಸಡಿಲವಾಗಬೇಕು. ಸ್ಟೆತಾಸ್ಕೋಪಿನ ಡಯಾಫ್ರಮ್ಮನ್ನು (ಮೈಗೆ ಇಡುವ ಚಪ್ಪಟೆ ಬಿಲ್ಲೆಯನ್ನು) ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ರೋಗಿಯ ಬಲಗಡೆ ಕೆಳಭಾಗದಿಂದ ಶುರುಮಾಡಿ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ಅದು. ಸದ್ದು ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು. ನಿಮಿಷಕ್ಕೆ ಸುಮಾರು 5ರಿಂದ 30 ಸಲ ಕೇಳಿದರೆ ಸಹಜ. ಏನೂ ಕೇಳಿಸದಿದ್ದರೆ ಅರ್ಧ ನಿಮಿಷಕ್ಕೇ ‘ಬವೆಲ್ ಸೌಂಡ್ಸ್ ಆಬ್ಸೆಂಟ್’ (ಕರುಳಿನ ಸದ್ದಿಲ್ಲ) ಎಂದು ಬರೆಯಬೇಡಿ. ಹಾಗೆ ಬರೆಯಲು ಪೂರ್ತಿ 5 ನಿಮಿಷ ಆಲಿಸಿರಬೇಕು ಎನ್ನುವುದು ಪಾಠ. ಡ್ಯೂಟಿಯ ಗಡಿಬಿಡಿಯಲ್ಲಿ ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ ಅನ್ನುವುದು ಬೇರೆ ಮಾತು.

ಪರ್ಕಷನ್‌ಗೆ ಎಡಗೈಯ ಮಧ್ಯದ ಬೆರಳನ್ನು ಹೊಟ್ಟೆಯ ಮೇಲೆ ಒತ್ತಿ ಇಟ್ಟು, ಅದರ ತುದಿಗೆಣ್ಣಿನ ಮೇಲೆ ಬಲಗೈಯ ಮಧ್ಯದ ಬೆರಳಿಂದ ತಟ್ಟಬೇಕು. ಏಟು ಮಣಿಕಟ್ಟಿನಿಂದ ಬರಲಿ, ಇಡೀ ತೋಳು ಬೇಡ. ಗಾಳಿ ತುಂಬಿದ ಕರುಳಿನ ಮೇಲೆ ಕೇಳುವ ಡೋಲಿನಂಥ ಸದ್ದು ಟಿಂಪನಿ. ಯಕೃತ್ತಿನ ಮೇಲಿನ ಮಂದ ಸದ್ದು ಡಲ್‌ನೆಸ್. ಈ ವಿಧಾನದ ಬಗ್ಗೆ 1761ರಲ್ಲೇ ಬರೆದ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಹೋಟೆಲ್ ನಡೆಸುವವನ ಮಗ. ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ತಿಳಿಯುವುದನ್ನು ಮನೆಯಲ್ಲೇ ಕಂಡಿದ್ದ ಎನ್ನುತ್ತಾರೆ. ಸ್ಟೆತಾಸ್ಕೋಪು ಬಂದಿದ್ದು ಅದಾದ ಅರ್ಧ ಶತಮಾನದ ಮೇಲೆ, 1816ರಲ್ಲಿ.

ಇನ್ನು ಪಾಲ್ಪೇಷನ್. ನೋವು ಎಲ್ಲಿ ಎಂದು ಮೊದಲೇ ಕೇಳಿಕೊಂಡು ಆ ಜಾಗವನ್ನು ಕೊನೆಗೆ ಮುಟ್ಟಿ. ಬೆರಳುಗಳನ್ನು ಸೇರಿಸಿ ಸುಮಾರು 1 ಸೆಂಟಿಮೀಟರ್ ಮಾತ್ರ ಒತ್ತಿದರೆ ಅದು ಲೈಟ್ ಪಾಲ್ಪೇಷನ್. ಕಣ್ಣು ನಿಮ್ಮ ಕೈಯ ಮೇಲಲ್ಲ, ರೋಗಿಯ ಮುಖದ ಮೇಲಿರಲಿ. ‘ಏನಿಲ್ಲಮ್ಮಾ’ ಅನ್ನುವ ಅಜ್ಜನ ಹುಬ್ಬು ಗಂಟಿಕ್ಕುವುದು ಆಗಲೇ ಕಾಣುವುದು.

ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳುವುದೂ ಇಲ್ಲೇ. ರೋಗಿ ತಾವಾಗಿ ಹೇಳುವುದು ನೋವು. ನೀವು ಒತ್ತಿದಾಗ ಕಾಣುವುದು ಟೆಂಡರ್‌ನೆಸ್. ಮೊದಲನೆಯದು ಸಬ್ಜೆಕ್ಟಿವ್ ಡೇಟಾ, ‘ಹೊಟ್ಟೆ ಹಿಡ್ಕೊಂಡೈತೆ’ ಅಂದರೆ ಹಾಗೇ ಬರೆದುಕೊಳ್ಳಿ. ಎರಡನೆಯದು ಆಬ್ಜೆಕ್ಟಿವ್, ನೀವೇ ಪರೀಕ್ಷಿಸಿ ಕಂಡದ್ದು. ನೋವಿಗೋ ಹೆದರಿಕೆಗೋ ರೋಗಿ ಹೊಟ್ಟೆ ಬಿಗಿಮಾಡಿಕೊಂಡರೆ ಗಾರ್ಡಿಂಗ್. ಮಾತಾಡಿಸಿ, ಉಸಿರು ಬಿಡಲು ಹೇಳಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಏನು ಮಾಡಿದರೂ ಸಡಿಲವಾಗದೆ ಹಲಗೆಯಂತೆ ಗಟ್ಟಿಯಾಗಿದ್ದರೆ ರಿಜಿಡಿಟಿ. ಹೊಟ್ಟೆಯ ಒಳಪೊರೆಗೆ ಉರಿಯೂತ ತಗುಲಿರಬಹುದು, ಮತ್ತೆ ಮತ್ತೆ ಒತ್ತಿ ನೋಡದೆ ಡಾಕ್ಟರಿಗೆ ತಕ್ಷಣ ತಿಳಿಸಿ.

ಎಲ್ಲ ಸರಿಯಿದ್ದರೂ ‘ಹೊಟ್ಟೆ ನಾರ್ಮಲ್’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ‘ಅಬ್ಡಮನ್ ಸಾಫ್ಟ್, ನಾನ್-ಟೆಂಡರ್, ನಾಲ್ಕೂ ಕ್ವಾಡ್ರಂಟ್‌ನಲ್ಲಿ ಬವೆಲ್ ಸೌಂಡ್ಸ್ ಇದೆ’ (ಹೊಟ್ಟೆ ಮೆತ್ತಗಿದೆ, ಒತ್ತಿದರೆ ನೋವಿಲ್ಲ, ಹೊಟ್ಟೆಯ ನಾಲ್ಕೂ ಕಾಲುಭಾಗದಲ್ಲಿ ಕರುಳಿನ ಸದ್ದಿದೆ) ಎಂದಿದ್ದರೆ, ರಾತ್ರಿ ಪಾಳಿಯ ಸಿಸ್ಟರ್‌ಗೆ ಹೊಟ್ಟೆ ಗಟ್ಟಿಯಾದಂತೆ ಕಂಡಾಗ ಅದು ಹೊಸದು ಎಂದು ಗೊತ್ತಾಗುತ್ತದೆ.