ಅಲಾಯ್ ಗಾಲಿ ಕೊಳ್ಳಲು ಹೊರಟವರು ತಕ್ಕಡಿಯನ್ನೂ ಒಯ್ಯಿರಿ

ಜುಲೈ ತಿಂಗಳ ಒಂದು ಬೆಳಿಗ್ಗೆ, ಛತ್ರಿ ಹಿಡಿದರೂ ಮೊಣಕಾಲಿನವರೆಗೆ ನೆನೆಯುವಂಥ ಮಳೆಯಲ್ಲಿ, ಕೆಎ 20 ನೋಂದಣಿಯ ಪುಟ್ಟ ಕೆಂಪು ಕಾರೊಂದು ಕೂಳೂರಿನ ನಮ್ಮ ಗಾಲಿ ಅಂಗಡಿಯ ಮುಂದೆ ಕುಂಟುತ್ತಾ ಬಂದು ನಿಂತಿತು. ಎಡಬದಿಯ ಮುಂಗಾಲಿಗೆ ಸ್ಕೂಟರಿನ ಚಕ್ರದಂಥ ತೆಳು ಸ್ಟೆಪ್ನಿ. ಇಳಿದವರು ಮಣಿಪಾಲದ ಒಬ್ಬ ದಂತವೈದ್ಯರು. ಡಿಕ್ಕಿಯಿಂದ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಗಾಲಿಯನ್ನು ಎತ್ತಿ, ಮಗುವನ್ನು ಒಪ್ಪಿಸುವವರ ಹಾಗೆ ನನ್ನ ಕೈಗೆ ಕೊಟ್ಟರು. ಮೂಲ್ಕಿ ದಾಟಿದ ಮೇಲೆ ಹೆದ್ದಾರಿಯಲ್ಲಿ ನೀರು ತುಂಬಿದ ಗುಂಡಿ ಕಾಣಿಸಲಿಲ್ಲವಂತೆ. ನಮ್ಮೂರಿನ ಮಳೆಗಾಲದಲ್ಲಿ ಗುಂಡಿಯೂ ನೀರೂ ಒಂದೇ ಬಣ್ಣ.

ಕಾರು ಮಾಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು, ದೀಪಗಳು ರೆಪ್ಪೆ ತೆರೆದಂತೆ ಮೇಲೇಳುವ ಮಾದರಿ. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಮೊದಲ ಬಾರಿಗೆ ಜನರ ಮುಂದೆ ಬಂದ ಕಾರು ಅದು. ವೈದ್ಯರ ಸೋದರಮಾವ ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನಿಂದ ಊರಿಗೆ ಮರಳುವಾಗ ಸಾಮಾನಿನ ಜತೆಗೆ ತಂದದ್ದು. ತೂಕ ಸುಮಾರು 940 ಕಿಲೋ. ಈಗಿನ ಸ್ವಿಫ್ಟ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ, ಹಾಗಾದರೆ ಇದರಲ್ಲೇನು ಹೆಚ್ಚುಗಾರಿಕೆ ಎಂದು ನಮ್ಮ ಹುಡುಗರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಿಂದಿನ ಗಾಲಿಗಳು ನೂಕುವ ಕಾರು, ಹಿಂದೆ ಮುಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿದ ಭಾರ, ನಾಲ್ಕೂ ಗಾಲಿಗೆ ಮೇಲೊಂದು ಕೆಳಗೊಂದು ತೋಳಿನ ಡಬಲ್ ವಿಷ್‌ಬೋನ್ ಸಸ್ಪೆನ್ಶನ್. ಇಷ್ಟೆಲ್ಲ ಸೇರಿಸಿಯೂ ತೂಕವನ್ನು ಅಷ್ಟಕ್ಕೇ ನಿಲ್ಲಿಸಲು ಅದನ್ನು ಮಾಡಿದವರು ಗ್ರಾಂ ಗ್ರಾಂ ಲೆಕ್ಕ ಹಾಕಿದ್ದಾರೆ. ಅದು ಗೊತ್ತಾಗಬೇಕಿದ್ದರೆ ಅದರ ಗಾಲಿಯನ್ನು ಎತ್ತಿ ನೋಡಬೇಕು. ಟಯರ್ ಕಳಚಿ, ಅಂಗಡಿಯ ತಕ್ಕಡಿಯಲ್ಲಿಟ್ಟೆ: ಐದೂವರೆ ಕಿಲೋ. ಒಂದು ಸಾಧಾರಣ ಗಾತ್ರದ ಹಲಸಿನಕಾಯಿ ಅದಕ್ಕಿಂತ ಭಾರ.

ಗಾಲಿಯ ಒಳಅಂಚು ಬಾಗಿತ್ತು. ಬಾಗಿದ ಜಾಗದ ನಡುವೆ, ಸಾಬೂನು ನೀರು ಹಚ್ಚಿದಾಗ ಮಾತ್ರ ಕಾಣುವಂಥ ಕೂದಲೆಳೆಯ ಬಿರುಕು, ಕಡ್ಡಿಯ (ಸ್ಪೋಕಿನ) ಬುಡದ ಕಡೆಗೆ ಹೊರಟಿತ್ತು. ‘ಆರ್ಗನ್ ವೆಲ್ಡಿಂಗ್ ಮಾಡಿದರೆ ಆಗುವುದಿಲ್ಲವೇ ಮಾರಾಯರೇ?’ ಎಂದರು ವೈದ್ಯರು. ಗಾಳಿ ನಿಲ್ಲಿಸಲು ಆಗುತ್ತದೆ, ಭಾರ ಹೊರಲು ಆಗುವುದಿಲ್ಲ ಎಂದೆ. ಎರಕದ ಅಲಾಯ್ ಎಂದರೆ ಸಿಲಿಕಾನ್ ಮತ್ತು ಒಂದಿಷ್ಟು ಮೆಗ್ನೀಸಿಯಂ ಬೆರೆತ ಅಲ್ಯುಮಿನಿಯಂ. ಎರಕ ಹೊಯ್ದ ಮೇಲೆ ಅದನ್ನು ಕಾಯಿಸಿ, ತಣಿಸಿ, ಮತ್ತೆ ಹದವಾದ ಶಾಖದಲ್ಲಿಟ್ಟು ಗಟ್ಟಿ ಮಾಡುತ್ತಾರೆ. ವೆಲ್ಡಿಂಗಿನ ಬೆಂಕಿ ತಾಗಿದಲ್ಲಿ ಆ ಹದ ಹೋಗುತ್ತದೆ. ಬೆಸುಗೆ ಗಟ್ಟಿಯಾಗಿಯೇ ಕೂರುತ್ತದೆ, ಅದರ ಪಕ್ಕದ ಲೋಹ ಮೆತ್ತಗಾಗುತ್ತದೆ. ಮುಂದಿನ ಗುಂಡಿಗೆ ಬಿರುಕು ಬಿಡುವುದು ಆ ಪಕ್ಕದಲ್ಲಿ. ಹೊರಅಂಚಿನ ಸಣ್ಣ ಬೆಂಡನ್ನು ನಾನೂ ತೆಗೆದುಕೊಡುತ್ತೇನೆ. ಕಡ್ಡಿಯ ಬುಡಕ್ಕೆ ಹೊರಟ ಬಿರುಕನ್ನು ಮುಟ್ಟುವುದಿಲ್ಲ. ಗ್ಯಾಸ್ ಟಾರ್ಚ್ ಹಿಡಿದು ರಿಮ್ಮನ್ನು ಲೆಕ್ಕವಿಲ್ಲದೆ ಕಾಯಿಸಿ ಬಡಿಯುವವರೂ ಇದ್ದಾರೆ. ಅಂಥ ಕಡೆ ಕೊಟ್ಟ ಗಾಲಿಯನ್ನು ಮನೆಯಲ್ಲಿ ಹೂಕುಂಡದ ಕೆಳಗಿಡಬಹುದು.

ಇಲ್ಲಿಗೆ ಬರುವ ಮೊದಲು ಅವರು ಇನ್ನೊಂದು ಅಂಗಡಿಗೆ ಹೋಗಿದ್ದರು. ಅಲ್ಲಿ ಸ್ವಿಫ್ಟಿನ ಹಳೆಯ ಅಲಾಯ್‌ಗಳನ್ನು ಹಾಕಿ ನೋಡಿದ್ದರಂತೆ. ಯೋಚನೆ ತಪ್ಪಲ್ಲ. ನಾಲ್ಕು ತೂತು, ತೂತುಗಳ ಕೇಂದ್ರ ಹಾದುಹೋಗುವ ವೃತ್ತದ ವ್ಯಾಸ 100 ಮಿಲಿಮೀಟರ್ (ನಾವು ಪಿಸಿಡಿ ಎನ್ನುವುದು ಇದನ್ನೇ), ನಡುವಿನ ದೊಡ್ಡ ತೂತು 54.1. ಈ ಮೂರೂ ಮಾಜ್ದಾದಲ್ಲೂ ಸ್ವಿಫ್ಟಿನಲ್ಲೂ ಒಂದೇ. ಗಾಲಿಯು ಹಬ್ಬಿನ (ಕಾರಿನಲ್ಲಿ ಗಾಲಿ ಕೂರುವ ಭಾಗ) ಮೇಲೆ ಹೋಗಿ ಕೂತಿತು. ಎಡವಟ್ಟಾದದ್ದು ನಟ್ಟಿನಲ್ಲಿ. ಗಾಲಿಯ ಜತೆ ಬಂದ ಸ್ವಿಫ್ಟಿನ ನಟ್ಟುಗಳನ್ನೇ ಹಾಕಲು ಹೋದರು. ಎರಡೂ 12 ಮಿಲಿಮೀಟರಿನವೇ, ಆದರೆ ಸುಝುಕಿಯ ಥ್ರೆಡ್ಡಿನ ಅಂತರ 1.25, ಮಾಜ್ದಾದ್ದು 1.5. ಕೈಯಲ್ಲಿ ಒಂದು ಸುತ್ತು ಹೋದ ನಟ್ಟು ನಿಂತಿತು. ಅಲ್ಲಿನ ಹುಡುಗ ನಟ್ಟು ಬಿಗಿಯುವ ಗನ್ ಹಿಡಿದ. ಟರ್ ಎಂದು ಮೂರು ಸೆಕೆಂಡು. ನಟ್ಟು ಒಳಗೆ ಹೋಯಿತು, ಸ್ಟಡ್ಡಿನ (ನಟ್ಟು ಕೂರುವ, ಹಬ್ಬಿನಿಂದ ಹೊರಚಾಚಿದ ಬೋಲ್ಟು) ಥ್ರೆಡ್ಡು ಹೊರಗೆ ಬಂತು, ತೆಂಗಿನಕಾಯಿ ತುರಿದ ಹಾಗೆ.

ಅದಕ್ಕೇ ನಮ್ಮಲ್ಲಿ ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ದಿನ ಒಂದೇ ಪಾಠ. ನಟ್ಟನ್ನು ಬೆರಳಿನಲ್ಲೇ ಕೊನೆಯವರೆಗೆ ತಿರುಗಿಸಬೇಕು. ಬೆರಳಿಗೆ ಹೋಗದ ನಟ್ಟು ಆ ಸ್ಟಡ್ಡಿನದಲ್ಲ.

ತೂತಿನ ಲೆಕ್ಕದಲ್ಲಿ ಇನ್ನೂ ದೊಡ್ಡ ಮೋಸ ಎರಡು ಮಿಲಿಮೀಟರಿನದು. ಫಿಯೆಟ್ ಪುಂಟೋದ ಪಿಸಿಡಿ 98. ಗುಜರಿಯಲ್ಲಿ ಅದರ ಚಂದದ ಅಲಾಯ್‌ಗಳು ಸಿಗುತ್ತವೆ, 100ರ ಹಬ್ಬಿಗೆ ಹಿಡಿದರೆ ಸ್ಟಡ್ಡುಗಳು ತೂತಿನೊಳಗೆ ನುಸುಳಿಯೂ ಬಿಡುತ್ತವೆ. ಆದರೆ ನಟ್ಟಿನ ಶಂಕುವಿನಂಥ ಮುಖ ತೂತಿನ ಒಂದೇ ಬದಿಗೆ ಒತ್ತಿ ಕೂರುತ್ತದೆ. ಬಿಗಿಯಾಯಿತು ಎಂದು ಕೈಗೆ ಅನಿಸುತ್ತದೆ, ಆಗಿರುವುದಿಲ್ಲ. ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ, ಇಲ್ಲವೇ ಸ್ಟಡ್ ಬಾಗಿ ಬಾಗಿ ತುಂಡಾಗುತ್ತದೆ. ಫೋರ್ಡ್ ಫಿಗೋದ್ದು 108, ಅದು ಕೂರುವುದೇ ಇಲ್ಲ, ಹಾಗಾಗಿ ಅಪಾಯವಿಲ್ಲ. ಪೂರ್ತಿ ಹೊಂದದ ಗಾಲಿಗಿಂತ ಹೊಂದಿದಂತೆ ನಟಿಸುವ ಗಾಲಿಗೆ ಹೆದರಬೇಕು. ಅಳೆಯುವುದು ಸುಲಭ: ನಾಲ್ಕು ತೂತಿನ ಗಾಲಿಯಲ್ಲಿ ಒಂದು ತೂತಿನ ಹೊರಅಂಚಿನಿಂದ ಎದುರಿನ ತೂತಿನ ಒಳಅಂಚಿಗೆ ವರ್ನಿಯರ್ ಹಿಡಿಯಿರಿ, ಅದೇ ಪಿಸಿಡಿ. ದರ್ಜಿಯ ಟೇಪು ಈ ಕೆಲಸಕ್ಕೆ ಬರುವುದಿಲ್ಲ.

ಹೋಂಡಾ ಸಿಟಿಯ ಗಾಲಿಯೂ 100ರದೇ. ಆದರೆ ನಡುವಿನ ತೂತು 56.1, ಅಂದರೆ ಮಾಜ್ದಾದ ಹಬ್ಬಿನ ಸುತ್ತ ಒಂದೊಂದು ಮಿಲಿಮೀಟರ್ ಸಂದು. ಆ ಸಂದಿಗೆ ಉಂಗುರ ಹಾಕಿ ಗಾಲಿಯನ್ನು ಮಧ್ಯಕ್ಕೆ ಕೂರಿಸಬಹುದು, ಹಾಕದಿದ್ದರೆ ಎಂಬತ್ತರ ವೇಗದ ಆಚೆ ಸ್ಟಿಯರಿಂಗ್ ಅದುರುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಅದಕ್ಕಿಂತ ಮುಖ್ಯ, ಹೋಂಡಾ ಕಂಪನಿಯ ಗಾಲಿಯಲ್ಲಿ ನಟ್ಟು ಕೂರುವ ಜಾಗ ಗುಂಡಗಿನ ಬಟ್ಟಲಿನಂತಿರುತ್ತದೆ, ಮಾಜ್ದಾದ ನಟ್ಟಿನ ಮುಖ ಶಂಕುವಿನಂತೆ. ಬಟ್ಟಲಿನಲ್ಲಿ ಶಂಕು ಕೂತರೆ ತಾಗುವುದು ಒಂದು ಗೆರೆಯಷ್ಟು ಮಾತ್ರ. ಉಂಗುರದ ಬಗ್ಗೆ ಎಲ್ಲರೂ ಕೇಳುತ್ತಾರೆ, ನಟ್ಟಿನ ಮುಖದ ಬಗ್ಗೆ ಈವರೆಗೆ ಇಬ್ಬರೋ ಮೂವರೋ ಗಿರಾಕಿಗಳು ಕೇಳಿರಬಹುದು.

‘ಹಾಗಾದರೆ ಹೊಸ ಸೆಟ್ಟೇ ಕೊಳ್ಳುತ್ತೇನೆ, 16 ಇಂಚು ಹಾಕಿದರೆ ನೋಡಲೂ ಚಂದ’ ಎಂದರು ವೈದ್ಯರು. ನಮ್ಮಲ್ಲೇ ನೇತಾಡುತ್ತಿದ್ದ 16 ಇಂಚಿನ ಒಂದು ಅಲಾಯನ್ನು ಇಳಿಸಿ ತಕ್ಕಡಿಗೆ ಹಾಕಿದೆ. ಒಂಬತ್ತು ಕಿಲೋ. ಮಾರಬೇಕಾದವನೇ ಮಾರಾಟ ಕೆಡಿಸಿಕೊಂಡದ್ದು ಹೀಗೆ. ಗಾಲಿಯೊಂದಕ್ಕೆ ಮೂರೂವರೆ ಕಿಲೋ ಹೆಚ್ಚು, ನಾಲ್ಕಕ್ಕೆ 14. ಅಷ್ಟು ಭಾರದ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಗಾಲಿಯಲ್ಲಿಟ್ಟರೆ ಗೊತ್ತಾಗುತ್ತದೆ. ಗಾಲಿಯ ಭಾರ ಸ್ಪ್ರಿಂಗಿನ ಕೆಳಗಿನದು. ರಸ್ತೆ ಏರಿದಾಗ ಗಾಲಿ ಏರಿ ತಕ್ಷಣ ಇಳಿಯಬೇಕು. ಭಾರವಾದಷ್ಟೂ ಇಳಿಯಲು ತಡ, ಆ ಕ್ಷಣದಲ್ಲಿ ಟಯರ್ ರಸ್ತೆಯನ್ನು ಹಗುರವಾಗಿ ಹಿಡಿದಿರುತ್ತದೆ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳ ಜಾಯಿಂಟಿನ ಮೇಲೆ ಓಡಿಸಿದರೆ ಬೆನ್ನೆಲುಬಿಗೇ ವರದಿ ಬರುತ್ತದೆ. ಇನ್ನೊಂದು, ಗಾಲಿ ಮುಂದೆ ಹೋಗುವುದಷ್ಟೇ ಅಲ್ಲ, ತಿರುಗಲೂ ಬೇಕು. ಅಂಚಿನಲ್ಲಿ ಸೇರಿದ ಒಂದು ಕಿಲೋವನ್ನು ವೇಗಕ್ಕೆ ತರಲು, ಸೀಟಿನ ಮೇಲಿಟ್ಟ ಹೆಚ್ಚುಕಡಿಮೆ ಎರಡು ಕಿಲೋಗೆ ಬೇಕಾದಷ್ಟು ಶಕ್ತಿ ಬೇಕು. 1,700 ಕಿಲೋದ ಎಸ್‌ಯುವಿಯವರಿಗೆ ಈ ಮಾತು ಹೇಳಿದರೆ ನಗುತ್ತಾರೆ, ನಗಲಿ. ಹಗುರವಾಗಿರುವುದೇ ಒಂದು ಕಾರಿನ ಬಂಡವಾಳವಾದರೆ ಅದನ್ನು ಗಾಲಿಯಲ್ಲಿ ಕಳೆಯಬಾರದು.

ಅಗಲದ ಆಸೆಯೂ ಅಷ್ಟೇ. ಅವರ ಗಾಲಿ 14 ಇಂಚು, ಅಗಲ ಐದೂವರೆ ಇಂಚು, ಆಫ್‌ಸೆಟ್ (ಗಾಲಿಯ ಅಗಲದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖಕ್ಕಿರುವ ದೂರ) 45 ಮಿಲಿಮೀಟರ್. ಬಜಾರಿನಲ್ಲಿ ಸಿಗುವ ಏಳು ಇಂಚು ಅಗಲದ, ಆಫ್‌ಸೆಟ್ 35ರ ಗಾಲಿ ಹಾಕಿದರೆ ಏನಾಗುತ್ತದೆಂದು ರಟ್ಟಿನ ಮೇಲೆ ಲೆಕ್ಕ ಬರೆದು ತೋರಿಸಿದೆ. ಅಗಲ ಒಂದೂವರೆ ಇಂಚು ಹೆಚ್ಚಿತು, ಪ್ರತಿ ಬದಿಗೆ ಅರ್ಧರ್ಧ, ಅಂದರೆ 19 ಮಿಲಿಮೀಟರ್. ಆಫ್‌ಸೆಟ್ 10 ಕಡಿಮೆಯಾದದ್ದರಿಂದ ಗಾಲಿ 10 ಮಿಲಿಮೀಟರ್ ಹೊರಗೆ ಸರಿಯಿತು. ಹೊರಬದಿಗೆ 29, ಒಳಬದಿಗೆ 9. ಆ 29 ಮಿಲಿಮೀಟರ್ ಫೆಂಡರಿನ ಅಂಚನ್ನು ತಿಂದುಕೊಂಡು ಹೊರಬರುತ್ತದೆ, ಬೇರಿಂಗಿನ ಮೇಲೆ ಎಳೆತ ಹೆಚ್ಚುತ್ತದೆ, ಸ್ಟಿಯರಿಂಗಿನ ಹದ ಹೋಗುತ್ತದೆ. ಕಂಪನಿಯ ಅಳತೆ ಮೀರಿ ವಾಹನ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಅಪಘಾತವಾದರೆ ವಿಮೆಯವರ ಪ್ರಶ್ನೆಗಳೂ ಇವೆ. ಅದನ್ನು ನಾನು ಹೆಚ್ಚು ಎಳೆಯಲಿಲ್ಲ, ಅವರಿಗೆ ಅರ್ಥವಾಗಿತ್ತು.

ಟಯರಿನ ಮಾತನ್ನು ಮಾತ್ರ ಎಳೆದೆ, ಯಾಕೆಂದರೆ ಅನೇಕರು ಗಾಲಿ ಕೊಂಡ ಮೇಲೆ ಟಯರ್ ಹುಡುಕುತ್ತಾರೆ. ಮೂಲ ಅಳತೆ 185/60 ಆರ್ 14, ಅಂದರೆ ಅಗಲ 185 ಮಿಲಿಮೀಟರ್, ಟಯರಿನ ಗೋಡೆಯ ಎತ್ತರ ಅದರ ಶೇಕಡಾ 60, ರಿಮ್ 14 ಇಂಚು. ಎತ್ತರ ಸುಮಾರು 578 ಮಿಲಿಮೀಟರ್. 15 ಇಂಚಿಗೆ ಹೋಗುವುದಾದರೆ ಅದಕ್ಕೆ ಸರಿಹೊಂದುವುದು 195/50, ಎತ್ತರ 576. ಅದಕ್ಕೆ ನಮ್ಮ ಕಡೆ ಆರ್ಡರ್ ಕೊಟ್ಟು ಕಾಯಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 195/55 ಹಾಕಿದರೆ ಎತ್ತರ 595 ದಾಟುತ್ತದೆ, ಸ್ಪೀಡೋಮೀಟರ್ ನೂರು ತೋರಿಸುವಾಗ ಕಾರು ಮೊದಲಿಗಿಂತ ಮೂರು ಕಿಲೋಮೀಟರ್ ಹೆಚ್ಚು ಓಡುತ್ತಿರುತ್ತದೆ. 14ರ ಟಯರ್ ಈಗಲೂ ಇಲ್ಲೇ ಸಿಗುತ್ತದೆ. ಹಾಗಿರುವಾಗ 14 ಬಿಟ್ಟು ಹೋಗುವುದು ಯಾಕೆ?

ಕೊನೆಗೆ ಗೊತ್ತಾದದ್ದು ಇಷ್ಟು: ಬೇಕಾದದ್ದು ಅದೇ ಏಳು ಕಡ್ಡಿಯ, ಆ ಕಾರಿನ ಅಭಿಮಾನಿಗಳು ಡೈಸಿ ಹೂವಿನ ಹೆಸರಿಟ್ಟು ಕರೆಯುವ ಮೂಲ ಗಾಲಿ, ಒಂದು, ಸಿಕ್ಕಿದರೆ ಎರಡು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪರಿಚಯದವರಿಗೆ ಫೋನು ಮಾಡಿದೆ, ಇಲ್ಲ. ಆದರೆ ಕರಾವಳಿಯವರಿಗೆ ಬೆಂಗಳೂರಿಗಿಂತ ಶಾರ್ಜಾ ಹತ್ತಿರ. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಹಳೆಯ ಬಿಡಿಭಾಗಗಳ ಸಾಲಿನಲ್ಲಿ ಜಪಾನಿನ ಕಾರುಗಳ ಸಾಮಾನು ರಾಶಿ ಬಿದ್ದಿರುತ್ತದೆ, ಆ ರಾಶಿಯ ಪಕ್ಕದ ಬೀದಿಯಲ್ಲಿ ನಮ್ಮೂರಿನ ಯಾರಾದರೊಬ್ಬರು ಇದ್ದೇ ಇರುತ್ತಾರೆ. ವೈದ್ಯರ ಭಾವ ಅಲ್ಲಿದ್ದರು. ನಾನು ಅವರಿಗೆ ಹೇಳಿಕಳಿಸಿದ ಪಟ್ಟಿ ಹೀಗಿತ್ತು: ಗಾಲಿಯ ಹಿಂಬದಿಯಲ್ಲಿ ಎರಕದಲ್ಲೇ ಮೂಡಿದ ಅಳತೆಯ ಮತ್ತು ಆಫ್‌ಸೆಟ್ಟಿನ ಫೋಟೋ, ಅಲಾಯ್ ಗಾಲಿಯ ಗುಣಮಟ್ಟ ಹೇಳುವ ಜಪಾನಿನ ಜೆಡಬ್ಲ್ಯುಎಲ್ ಮುದ್ರೆಯ ಫೋಟೋ, ಒಳಅಂಚಿನ ಸುತ್ತ ಬೆರಳಾಡಿಸಿ ಎಲ್ಲಾದರೂ ತಡೆಯುತ್ತದೆಯೇ ಎಂಬ ಉತ್ತರ, ಮತ್ತು ತೂಕ. ಬಣ್ಣ ಹೊಡೆದು ಹೊಸದಾಗಿ ಕಾಣುವ ಗಾಲಿ ಬೇಡ, ಕೊಳಕಾಗಿರುವುದೇ ಬೇಕು ಎಂದೂ ಸೇರಿಸಿದೆ. ಹೊಸ ಬಣ್ಣದ ಅಡಿಯಲ್ಲಿ ಬೆಸುಗೆ ಅಡಗಿರುತ್ತದೆ. ತೂಕ ಕೇಳಿದ್ದಕ್ಕೆ ಭಾವನಿಗೆ ನಗು ಬಂದಿರಬೇಕು. ಆದರೆ ನೋಡಲು ತದ್ರೂಪಿಯಾದ ನಕಲಿಯನ್ನು ಹಿಡಿದುಕೊಡಲು ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಇಲ್ಲೇ ಹೊಸದು ಕೊಳ್ಳುವವರು ಐಎಸ್‌ಐ ಮುದ್ರೆಯ ಜತೆ ಐಎಸ್ 16192 ಎಂಬ ಸಂಖ್ಯೆ ನೋಡಿಕೊಳ್ಳಲಿ, ಗಾಲಿ ಹೊರಬಲ್ಲ ಭಾರ ಎಷ್ಟೆಂದೂ ಓದಲಿ.

ಆಗಸ್ಟ್ ಕೊನೆಯಲ್ಲಿ ಎರಡು ಗಾಲಿಗಳು ಬಜ್ಪೆ ವಿಮಾನ ನಿಲ್ದಾಣಕ್ಕೆ ಬಂದಿಳಿದವು, ಒಂದು ಕಂಬಳಿಯ ನಡುವೆ, ಖರ್ಜೂರದ ಡಬ್ಬಿಗಳ ಜತೆ. ಎರಡೂ ಸೇರಿ 11 ಕಿಲೋ. ಲಗೇಜಿನ ಮಿತಿಯೊಳಗೇ ಬಂದ ಗಾಲಿ ಎಂದು ಭಾವ ಹೆಮ್ಮೆಪಟ್ಟರಂತೆ. ಡಯಲ್ ಗೇಜ್ ಹಿಡಿದು ತಿರುಗಿಸಿ ನೋಡಿದೆ. ಒಂದು ನೇರವಾಗಿತ್ತು, ಇನ್ನೊಂದರ ಹೊರಅಂಚಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಓಲಾಟ, ಅದನ್ನು ಸ್ಟೆಪ್ನಿಯ ಬದಲಿಗೆ ಮನೆಯಲ್ಲಿಡಲು ಹೇಳಿದೆ. ಟಯರ್ ಕೂರುವ ಅಂಚಿನಲ್ಲಿ ಬಿಳಿ ಹುಡಿಯಂತೆ ತುಕ್ಕು ಹಿಡಿದಿತ್ತು. ನಮ್ಮ ಉಪ್ಪುಗಾಳಿಯ ಊರಿನಲ್ಲೂ ಇದು ಮಾಮೂಲು. ಪಂಕ್ಚರ್ ಸಿಗದೆ ವಾರಕ್ಕೆ ಐದು ಪಾಯಿಂಟ್ ಗಾಳಿ ಇಳಿಯುತ್ತಿದ್ದರೆ ಬಹಳ ಸಲ ಕಾರಣ ಇದೇ. ಅದನ್ನು ಉಜ್ಜಿ ತೆಗೆದು, ಕೆಟ್ಟ ಸ್ಟಡ್ ಬದಲಿಸಿ, ಮಾಜ್ದಾದ ಹಳೆಯ ನಟ್ಟುಗಳನ್ನೇ ಬೆರಳಿನಲ್ಲಿ ತಿರುಗಿಸಿ, ಟಾರ್ಕ್ ರೆಂಚನ್ನು 100 ನ್ಯೂಟನ್ ಮೀಟರಿಗೆ ಇಟ್ಟು ಎದುರುಬದುರಾಗಿ ಬಿಗಿದೆ.

ನೂರು ಕಿಲೋಮೀಟರ್ ಓಡಿಸಿ ಬಂದು ಮತ್ತೊಮ್ಮೆ ಬಿಗಿಸಿಕೊಂಡು ಹೋಗಿ ಡಾಕ್ಟರೇ ಎಂದಿದ್ದೆ. ಹಲ್ಲು ಶುಚಿ ಮಾಡಿಸಲು ಆರು ತಿಂಗಳಿಗೊಮ್ಮೆ ಬನ್ನಿ ಎಂದು ಅವರು ನನಗೂ ಹೇಳುತ್ತಿರುತ್ತಾರೆ, ನಾನು ಹೋಗುವುದಿಲ್ಲ. ಅವರು ಬಂದದ್ದು ಮೂರು ವಾರ ಬಿಟ್ಟು, ಚೌತಿ ಕಳೆದ ಮೇಲೆ. ರೆಂಚ್ ಇಟ್ಟೆ. ಮೂರು ನಟ್ಟು ಅಲುಗಲಿಲ್ಲ, ನಾಲ್ಕನೆಯದು ಕಾಲು ಸುತ್ತು ತಿರುಗಿತು.