ಕೂಲರ್ ನಾಲ್ಕು ಜನರದ್ದು, ಸಾಲ ಒಬ್ಬನದ್ದು

“ನಂದು ಬರೇ ಸಹಿ ಅದ ಮೇಡಂ, ಸಾಲ ಅವಂದು.”

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾಗ ಕೇಳಿದೆ. ನಿವೃತ್ತಿಯಾಗಿ ಮನೆಯ ಮುಂದಿನ ಖೋಲಿಯಲ್ಲಿ ಸಾಲದ ಸಲಹೆ ಕೊಡೋಕೆ ಕೂತ ಮೇಲೂ ಕೇಳುತ್ತಿದ್ದೇನೆ. ಓದು ಬರಹ ಬಾರದವರು ಹೀಗೆ ಹೇಳುತ್ತಾರೆ ಅಂದುಕೊಳ್ಳಬೇಡಿ. ಮೇಷ್ಟ್ರು ಹೇಳಿದ್ದಾರೆ, ಎಂಜಿನಿಯರ್ ಹೇಳಿದ್ದಾರೆ. ಈ ಸಲ ಎಂ.ಕಾಂ. ಓದುವ ಹುಡುಗರು ಹೇಳಿದರು. ಅದೂ ಎಂಥ ಹುಡುಗರು ಅಂತೀರಿ, ಊರಿಗೆಲ್ಲ ಹಣಕಾಸಿನ ಪಾಠ ಹೇಳುವವರು!

ಇವರ ಮನೆ ಇರೋದು ಕಲಬುರಗಿಯ ಸೇಡಂ ರಸ್ತೆ ಕಡೆ, ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಹತ್ತಿರ. ನಾಲ್ಕು ಜನ ಸೇರಿ ಬಾಡಿಗೆಗೆ ಹಿಡಿದಿದ್ದಾರೆ. ಈ ಮನೆಯಲ್ಲಿ ಇರಬೇಕು ಅಂದರೆ ದಿನದ ಲೆಕ್ಕ ಬರೆಯಬೇಕು, ಕಲಿತದ್ದನ್ನು ಹೊರಗಿನವರಿಗೂ ಹೇಳಿಕೊಡಬೇಕು. ಇದು ಅವರೇ ಹಾಕಿಕೊಂಡ ಕರಾರು. ಓಣಿಯವರು ‘ಲೆಕ್ಕದ ಹುಡುಗರ ಮನಿ’ ಅಂತಾರೆ. ಹಳೆ ಕ್ಯಾಲೆಂಡರಿನ ಹಿಂಬದಿಯನ್ನು ಗೋಡೆಗೆ ಅಂಟಿಸಿ ಹಾಲು, ಗ್ಯಾಸ್, ಖಾನಾವಳಿಯಿಂದ ತಂದ ರೊಟ್ಟಿ, ಎಲ್ಲ ಬರೆದಿಟ್ಟಿರುತ್ತಾರೆ. ಬರೆಯಲು ಮರೆತವನು ಅವತ್ತು ಪಾತ್ರೆ ತೊಳೆಯಬೇಕು.

ಭಾನುವಾರ ಬಂದರೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಹತ್ತಿರ ಹೋಗುತ್ತಾರೆ, ಇಲ್ಲ ಹಾಸ್ಟೆಲ್‌ಗಳಿಗೆ ಹೋಗುತ್ತಾರೆ. ನಾನು ಒಮ್ಮೆ ಹಿಂದೆ ಕೂತು ನೋಡಿದ್ದೇನೆ, ಚೆನ್ನಾಗೇ ಹೇಳುತ್ತಾರೆ. ಒಬ್ಬ ಮೋಸಗಾರನ ಪಾತ್ರ ಹಾಕಿ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಫೋನ್ ಮಾಡುತ್ತಾನೆ, “ನಿಮ್ಮ ಖಾತೆಗೆ ದುಡ್ಡು ಹಾಕ್ತೀನಿ, ಪಿನ್ ಒತ್ತಿ” ಅನ್ನುತ್ತಾನೆ. ಇನ್ನೊಬ್ಬ ಅಡ್ಡ ಬಂದು “ದುಡ್ಡು ಬರೋಕೆ ಪಿನ್ ಬೇಕಿಲ್ಲ ಅವ್ವಾ, ಹೋಗೋಕೆ ಬೇಕು” ಅಂತ ಹೇಳಿ ಮುಗಿಸುತ್ತಾನೆ. ಒಂದು ಮಾತಲ್ಲಿ ಕೆಲಸ ಆಯಿತು. ನಮ್ಮ ಬ್ಯಾಂಕಿನವರು ಪ್ರತಿ ವರ್ಷ ರಿಸರ್ವ್ ಬ್ಯಾಂಕಿನ ಹಣಕಾಸು ಸಾಕ್ಷರತಾ ಸಪ್ತಾಹದಲ್ಲಿ ಬ್ಯಾನರ್ ಕಟ್ಟಿ ಒಂದು ತಾಸು ಕೊರೆದರೂ ಇಷ್ಟು ತಲೆಗೆ ಹೋಗುತ್ತಿರಲಿಲ್ಲ.

ಅಂಥ ಮನೆಗೆ ನನ್ನನ್ನು ಮಾತಾಡೋಕೆ ಕರೆದರು. ಹೋದೆ. ಬಿಸಿಲು ಗೊತ್ತಲ್ಲ, ನಮ್ಮೂರಿನದು. ನಡುಮನೆಯಲ್ಲಿ ಹೊಸ ಕೂಲರ್ ತಿರುಗುತ್ತಿತ್ತು, ಪಕ್ಕದಲ್ಲಿ ಫ್ರಿಜ್. ಇವು ಯಾರ ಹೆಸರಲ್ಲಿವೆ ಅಂತ ಸುಮ್ನೆ ಕೇಳಿದೆ. “ನಮ್ಮೆಲ್ಲರದ್ದೂ ಮೇಡಂ, ಇಎಂಐ ಮೇಲೆ ತಗೊಂಡೀವಿ” ಅಂದರು. ಎಲ್ಲರ ಹೆಸರಲ್ಲಿ ಇಎಂಐ ಆಗಲ್ಲ, ಯಾರ ಆಧಾರ್, ಯಾರ ಪ್ಯಾನ್ ಕೊಟ್ಟಿರಿ ಅಂದೆ. ಮೂವರು ಒಬ್ಬನ ಕಡೆ ನೋಡಿದರು. ಆಳಂದ ತಾಲ್ಲೂಕಿನ ಹುಡುಗ, ಅಪ್ಪನದು ತೊಗರಿ ಬೆಳೆಯುವ ಒಣಭೂಮಿ. ಮೊದಲು ಹುಂ ಅಂದವನು ಅವನೇ.

ಎರಡೂ ಸೇರಿ 24,000 ರೂಪಾಯಿ, 12 ಕಂತು. ತಿಂಗಳಿಗೆ 2,000, ತಲೆಗೆ 500. ಪ್ರತಿ ತಿಂಗಳು 5ನೇ ತಾರೀಖು ಇವನ ಖಾತೆಯಿಂದ ತಾನೇ ಕಡಿತ ಆಗುತ್ತದೆ. ಮಾರ್ಚ್‌ನಲ್ಲಿ ತಗೊಂಡದ್ದು. ನಾಲ್ಕು ಕಂತು ಸರಿಯಾಗಿ ಹೋಯಿತು. ಆಮೇಲೆ ಇಬ್ಬರ ಕೊನೆಯ ಸೆಮಿಸ್ಟರ್ ಮುಗಿಯಿತು. ಒಬ್ಬ ಬೆಂಗಳೂರಿಗೆ, ಇನ್ನೊಬ್ಬ ಯಾದಗಿರಿಗೆ. ವಾಟ್ಸಾಪ್ ಗುಂಪಿನಲ್ಲಿ “ಕಳಿಸ್ತೀನಿ ಮಾಮ” ಅಂತ ಬಂತು, ದುಡ್ಡು ಬರಲಿಲ್ಲ. ಆ ಹುಡುಗ ನನ್ನ ಮನೆಗೆ ಬಂದದ್ದು ಎರಡು ಕಂತು ಬೌನ್ಸ್ ಆದ ಮೇಲೆ.

ಇಲ್ಲೊಂದು ವಿಷಯ ನೋಡಿ. ಅವನ ಖಾತೆಯಲ್ಲಿ 5ನೇ ತಾರೀಖು 1,000 ರೂಪಾಯಿ ಇತ್ತು. ತನ್ನದು 500, ಉಳಿದ ಗೆಳೆಯನದು 500. “ನಮ್ಮ ಪಾಲು ನಾವು ಕಟ್ಟೀವಿ ಮೇಡಂ” ಅಂದ. ಇಲ್ಲಪ್ಪ, ಕಟ್ಟಿಲ್ಲ. ಸಾಲ ಕೊಟ್ಟವರು ಖಾತೆಯಿಂದ ಕೇಳೋದು 2,000. ಅಷ್ಟು ಇಲ್ಲದಿದ್ದರೆ ಇದ್ದದ್ದನ್ನು ಅರ್ಧ ತಗೊಂಡು ಹೋಗಲ್ಲ, ಕಂತು ಪೂರ್ತಿ ವಾಪಸ್ ಹೋಗುತ್ತದೆ. ಆ ಸಾವಿರ ರೂಪಾಯಿ ಅಲ್ಲೇ ಕೂತಿತ್ತು, ಅದರಿಂದಲೇ ಬ್ಯಾಂಕು ತನ್ನ ಬೌನ್ಸ್ ಶುಲ್ಕ ಮುರಿದುಕೊಂಡಿತು. ಸಾಲ ಕೊಟ್ಟವರು ಬೇರೆ ದಂಡ ಹಾಕಿದರು. ಚಕ್ರಬಡ್ಡಿಯ ಲೆಕ್ಕ ಬಾಯಿಪಾಠ ಬರುವ ಹುಡುಗ ಪಾಸ್‌ಬುಕ್ ಹಿಡಿದು “ಇದ್ಯಾಕ ಹಿಂಗ?” ಅಂತ ಕೂತಿದ್ದ.

ಈಗ ನನ್ನ ಮುಖ್ಯ ಮಾತು. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಹೋಗಿ ಮತ್ತೆ ಸಹಿ ಹಾಕುತ್ತಾರೆ.

ನೀವು ನಾಲ್ಕು ಜನ ಗೆಳೆಯರು ಮಾಡಿಕೊಂಡ ಒಪ್ಪಂದ ನಿಮ್ಮ ನಾಲ್ಕು ಜನರ ನಡುವಿನದು. ಸಾಲ ಕೊಟ್ಟವರಿಗೆ ಅದು ಗೊತ್ತಿಲ್ಲ. ಗೊತ್ತಿದ್ದರೂ ಅದಕ್ಕೂ ಅವರಿಗೂ ಸಂಬಂಧ ಇಲ್ಲ. ಅವರ ಕಾಗದದಲ್ಲಿ ಇರೋದು ಒಂದೇ ಹೆಸರು, ಒಂದೇ ಪ್ಯಾನ್ ನಂಬರ್. ಕೂಲರ್ ಗಾಳಿ ಯಾರು ತಗೊಂಡರು, ಫ್ರಿಜ್‌ನಲ್ಲಿ ಯಾರ ಹಾಲು ಇತ್ತು, ಇದು ಅವರ ಲೆಕ್ಕಕ್ಕೆ ಬರೋದೇ ಇಲ್ಲ. ಗೋಡೆ ಮೇಲೆ ನೀವು ಎಷ್ಟು ಚಂದ ಬರೆದರೂ ಅಷ್ಟೇ. ಬಾಕಿ ಇರೋದು 500 ಅಲ್ಲ, ಪೂರ್ತಿ 16,000. ಅದೂ ಒಬ್ಬನ ತಲೆ ಮೇಲೆ.

“ಹಂಗಾದ್ರ ಅವರ ಮ್ಯಾಲ ಕೇಸ್ ಹಾಕಬಹುದಲ್ಲ?” ಅಂತ ಕೇಳಿದ. ಹಾಕಬಹುದು. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇದೆ, ವಾಟ್ಸಾಪ್ ಮೆಸೇಜ್ ಸಾಕ್ಷಿಯಾಗಲೂಬಹುದು. ನಾನು ವಕೀಲಳಲ್ಲ, ಆ ಭಾಗ ವಕೀಲರನ್ನೇ ಕೇಳಿ. ಆದರೆ ತಲಾ 4,000 ರೂಪಾಯಿಗೆ ಬೆಂಗಳೂರಲ್ಲಿರುವ ಗೆಳೆಯನ ಮೇಲೆ ದಾವೆ ಹೂಡುವವರನ್ನು ನಾನಂತೂ ಕಂಡಿಲ್ಲ. ಹೂಡಿದರೂ ಅದು ಮುಗಿಯುವ ತನಕ ಸಾಲ ಕೊಟ್ಟವರು ಕಾಯಲ್ಲ.

ಜಾಮೀನು ಇನ್ನೂ ಒಂದು ಕೈ ಮೇಲೆ. ಬ್ಯಾಂಕಿನಲ್ಲಿದ್ದಾಗ ಒಬ್ಬ ಮೇಷ್ಟ್ರು ಬರುತ್ತಿದ್ದರು, ಚಿತ್ತಾಪುರದ ಕಡೆಯವರು. ತುಂಬಾ ಒಳ್ಳೆಯ ಮನುಷ್ಯ. ಕೈಚೀಲದಲ್ಲಿ ಯಾವಾಗಲೂ ಶೇಂಗಾ ಇರುತ್ತಿತ್ತು, ಕೌಂಟರಿನಲ್ಲಿ ಇದ್ದವರಿಗೆಲ್ಲ ಒಂದೊಂದು ಹಿಡಿ. ಅಣ್ಣನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರು. ಆ ಹುಡುಗ ಕಟ್ಟಲಿಲ್ಲ, ನೋಟಿಸ್ ಇವರಿಗೆ ಬಂತು. ಕೆಂಪಗಾಗಿ ಬಂದು ಕೂತರು. “ಅವಂದು ಹೊಲ ಅದ, ಟ್ರ್ಯಾಕ್ಟರ್ ಅದ, ಮನಿ ಅದ. ಮೊದಲ ಅವನ್ನ ಹಿಡೀರಿ. ಅವನ ಕಡೆ ಏನೂ ಸಿಗಲಿಲ್ಲ ಅಂದ್ರ ಆಮ್ಯಾಲ ನನ್ನ ಕಡೆ ಬರ್ರಿ.” ನ್ಯಾಯ ಅನ್ನಿಸುತ್ತದೆ ಅಲ್ವಾ? ಜಾಮೀನು ಹಾಕಿದವರೆಲ್ಲ ಹೀಗೇ ನಂಬಿರುತ್ತಾರೆ.

ಕಾನೂನು ಹಾಗೆ ಹೇಳಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವನು ಮೊದಲು, ಇವರು ಆಮೇಲೆ ಅನ್ನುವ ಸಾಲು ಅದರಲ್ಲಿಲ್ಲ. ಸಾಲಗಾರನ ಹೊಲ ಮಾರುವ ತನಕ ಕಾಯಬೇಕಾಗಿಲ್ಲ, ನೇರವಾಗಿ ಜಾಮೀನುದಾರನನ್ನೇ ಕೇಳಬಹುದು. ಬ್ಯಾಂಕಿನವರು ಸಂಬಳ ಬರುವವರನ್ನೇ ಯಾಕೆ ಜಾಮೀನಿಗೆ ಕೇಳುತ್ತಾರೆ ಅಂದುಕೊಂಡಿದ್ದೀರಿ? ಹೌದು, ಅದೇ ಕಾಯ್ದೆಯ 145ನೇ ಕಲಂ ಪ್ರಕಾರ ಮೇಷ್ಟ್ರು ಕಟ್ಟಿದ ದುಡ್ಡನ್ನು ಅಣ್ಣನ ಮಗನಿಂದ ವಸೂಲಿ ಮಾಡುವ ಹಕ್ಕು ಅವರಿಗಿದೆ. ಆದರೆ ಮೊದಲು ಕಟ್ಟಬೇಕು, ಆಮೇಲೆ ಅಣ್ಣನ ಮನೆ ಬಾಗಿಲು ತಟ್ಟಬೇಕು. ಮೇಷ್ಟ್ರು ಕಟ್ಟಿದರು, ತಟ್ಟಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತಿತು ಅಂತ ಆಮೇಲೆ ಕೇಳಿದೆ.

ಶರಣಬಸವೇಶ್ವರರ ದಾಸೋಹದ ಊರು ನಮ್ಮದು. ಮನೆಗೆ ಬಂದವರಿಗೆ ಇಲ್ಲ ಅನ್ನೋದು ಇಲ್ಲಿಯವರಿಗೆ ಬಾಯಿಗೆ ಬರಲ್ಲ. ನನಗೂ ಅದು ಇಷ್ಟವೇ. ಊಟ ಹಾಕಿ, ಕೈಗೆ ಸಾವಿರ ರೂಪಾಯಿ ಕೊಟ್ಟು ಕಳಿಸಿ. ಹೋದರೆ ಸಾವಿರ ಹೋಗುತ್ತದೆ. ಸಹಿ ಹಾಕಿದರೆ ಎಷ್ಟು ಹೋಗುತ್ತದೆ ಅನ್ನೋದು ನಿಮ್ಮ ಕೈಯಲ್ಲಿ ಇರಲ್ಲ.

ಇದೇ ರೋಗದ ಹೊಸ ರೂಪ ಒಂದಿದೆ, ಹಾಸ್ಟೆಲ್‌ಗಳಲ್ಲಿ ಜಾಸ್ತಿ. ಯಾರೋ ಸೀನಿಯರ್ ಬಂದು “ನಿನ್ನ ಖಾತೆ ಸ್ವಲ್ಪ ದಿನ ಕೊಡು, ದುಡ್ಡು ಬಂದು ಹೋಗ್ತದ ಅಷ್ಟೇ, ನಿನಗ ಕಮಿಷನ್” ಅನ್ನುತ್ತಾನೆ. ಎಟಿಎಂ ಕಾರ್ಡು, ಸಿಮ್ಮು ಕೊಟ್ಟುಬಿಡುತ್ತಾರೆ. ಬರುವುದು ಯಾರದ್ದೋ ಮೋಸ ಹೋದ ದುಡ್ಡು. ಆ ಮೋಸ ಹೋದವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ದುಡ್ಡು ಯಾವ ಯಾವ ಖಾತೆಗೆ ಹೋಗಿದೆಯೋ ಅದಕ್ಕೆಲ್ಲ ತಡೆ ಬೀಳಬಹುದು. ವಿದ್ಯಾರ್ಥಿವೇತನ ಬರುವ ಖಾತೆಯೂ ಅದೇ ಆಗಿರುತ್ತದೆ. ಯಾವುದೋ ರಾಜ್ಯದ ಪೊಲೀಸರು ನೋಟಿಸ್ ಕಳಿಸಿದಾಗ “ಖಾತೆ ಬರೇ ನನ್ನ ಹೆಸರಲ್ಲಿ ಅದ, ವ್ಯವಹಾರ ನಂದಲ್ಲ ಸರ್” ಅಂದರೆ ಅವರು ಏನು ಮಾಡಬೇಕು, ಹೇಳಿ. ಇಂಥದ್ದು ಬಂದರೆ ನನ್ನ ಹತ್ತಿರ ಬರಬೇಡಿ, ಮೊದಲು ವಕೀಲರ ಹತ್ತಿರ ಹೋಗಿ.

ಇರಲಿ, ಕೂಲರ್‌ಗೆ ಬರೋಣ. ಬೇಸಿಗೆಯಲ್ಲಿ ಕೂಲರ್ ಬೇಡ ಅಂತ ನಾನು ಹೇಳಲ್ಲ, ಹೇಳಿದರೆ ಪಾಪ ಬರುತ್ತದೆ. ಎಲ್ಲರೂ ಸೇರಿ ಮೊದಲು ದುಡ್ಡು ಕೂಡಿಸಿ, ಆಮೇಲೆ ನಗದು ಕೊಟ್ಟು ತನ್ನಿ. ಹೊಸದು ಆಗದಿದ್ದರೆ ಹಳೆಯದು ನೋಡಿ. ಯಾಕಂದರೆ ಸುಗ್ಗಿಯ ಲೆಕ್ಕದಲ್ಲಿ ಬದುಕುವ ಮನೆಗಳಿಂದ ಬಂದವರು ನೀವು, ಸಾಲದ ಕಂತು ತಿಂಗಳ ಲೆಕ್ಕದಲ್ಲಿ ಬರುತ್ತದೆ. ಇಎಂಐ ಮೇಲೇ ಬೇಕು ಅಂದರೆ, ಯಾರ ಹೆಸರಲ್ಲಿ ಸಾಲ ಇದೆಯೋ ವಸ್ತು ಅವನದ್ದೇ ಅಂತ ಮೊದಲ ದಿನವೇ ಬರೆದುಕೊಳ್ಳಿ. ಉಳಿದವರು ಅವನಿಗೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕೊಡಲಿ. ಬಿಟ್ಟು ಹೋಗುವವನು ತನ್ನ ಎರಡು ಮೂರು ತಿಂಗಳದ್ದು ಮುಂಚೆಯೇ ಇಟ್ಟಿರಲಿ, ಮನೆ ಮಾಲಕರಿಗೆ ಅಡ್ವಾನ್ಸ್ ಕೊಡ್ತೀರಲ್ಲ ಹಾಗೆ. ಹೆಸರು ಕೊಟ್ಟವನಿಗೆ ನನ್ನ ಪ್ರಶ್ನೆ ಒಂದೇ: ಮೂವರೂ ನಾಳೆ ಎದ್ದು ಹೋದರೆ ನೀನೊಬ್ಬನೇ ಕಟ್ಟುತ್ತೀಯಾ? ಇಲ್ಲ ಅನ್ನೋದಾದರೆ ಅಂಗಡಿಯಿಂದ ಹೊರಗೆ ಬಾ.

ಶೂನ್ಯ ಬಡ್ಡಿ ಅಂತ ಅಂಗಡಿಯವನು ಹೇಳಿದ ಅಂದರು. 2013ರಲ್ಲೇ ರಿಸರ್ವ್ ಬ್ಯಾಂಕು ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಎಲ್ಲೋ ಒಂದು ಕಡೆ ಸೇರಿರುತ್ತದೆ, ಬೆಲೆಯಲ್ಲೋ ಶುಲ್ಕದಲ್ಲೋ. 2024ರ ಅಕ್ಟೋಬರ್‌ನಿಂದ ಇಂಥ ಹೊಸ ಸಾಲಗಳಿಗೆ ಬ್ಯಾಂಕುಗಳು, ಹಣಕಾಸು ಕಂಪನಿಗಳು ಮುಖ್ಯ ಅಂಶಗಳ ಪಟ್ಟಿ ಅಂತ ಒಂದು ಕಾಗದ ಕೊಡಬೇಕು. ವರ್ಷಕ್ಕೆ ನಿಜವಾಗಿ ಬೀಳುವ ದರ, ಬೌನ್ಸ್ ಆದರೆ ಎಷ್ಟು ದಂಡ, ಎಲ್ಲ ಅದರಲ್ಲಿರುತ್ತದೆ. ಅದನ್ನು ಕೇಳಿ ಓದಿ. ಫೋನ್‌ನಲ್ಲಿ ಬಂದರೆ ‘ಒಪ್ಪಿಗೆ’ ಒತ್ತುವ ಮುಂಚೆ ಓದಿ, ಆಮೇಲಲ್ಲ.

ಆ ಹುಡುಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಬ್ಯಾಂಕ್ ನೇಮಕಾತಿಯ ಪ್ರಕಟಣೆಗಳಲ್ಲಿ ಅಭ್ಯರ್ಥಿಯ ಸಾಲದ ಇತಿಹಾಸ ಸರಿಯಿರಬೇಕು ಅನ್ನುವ ಷರತ್ತು ಈಗ ಸಾಮಾನ್ಯ. ಅದನ್ನು ಓದಿ ತೋರಿಸಿದಾಗ ಅವನ ಮುಖ ನೋಡೋಕೆ ಆಗಲಿಲ್ಲ. ಎರಡು ಕಂತಿಗೆ ಕೆಲಸವೇ ಹೋಗುತ್ತದೆ ಅಂತ ನಾನು ಹೇಳಿಲ್ಲ, ಹೇಳೋಕೂ ಬರಲ್ಲ. ಪ್ರತಿ ಬ್ಯಾಂಕಿನ ನಿಯಮ ಬೇರೆ, ಬಾಕಿ ತೀರಿಸಿದವನಿಗೂ ತೀರಿಸದವನಿಗೂ ವ್ಯತ್ಯಾಸ ಇದ್ದೇ ಇದೆ. ಅದಕ್ಕೇ ಮೊದಲು ಬಾಕಿ ಎರಡು ಕಂತು ಮತ್ತು ದಂಡ ಕಟ್ಟು, ಗೆಳೆಯರ ಜೊತೆ ಜಗಳ ಆಮೇಲೆ ಆಡು ಅಂದೆ. ಫ್ರಿಜ್ ಮಾರಿದ. ಓಣಿಯ ಕಿರಾಣಿ ಅಂಗಡಿಯವರೇ ತಗೊಂಡರು. ಕೂಲರ್ ಇಟ್ಟುಕೊಂಡಿದ್ದಾನೆ, ಉಳಿದ ಕಂತು ಅವನೇ ಕಟ್ಟುತ್ತಿದ್ದಾನೆ. ಯಾದಗಿರಿಯವನು ಆಮೇಲೆ ಸ್ವಲ್ಪ ಕಳಿಸಿದನಂತೆ.

ಈಗ ಅವನಿಗೆ ಒಂದು ಕೆಲಸ ಕೊಟ್ಟಿದ್ದೇನೆ, ನಿಮಗೂ ಅದೇ. ಯಾರ ಹೆಸರಲ್ಲಿ ಯಾವ ಸಾಲ ಇದೆ, ಸರಿಯಾಗಿ ಕಟ್ಟಿದ್ದಾರಾ ಅಂತ ತೋರಿಸುವ ಸಾಲದ ವರದಿ ಕೊಡುವ ಕಂಪನಿ ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೆ ಒಂದರಂತೆ ತೆಗೆದರೆ ವರ್ಷಪೂರ್ತಿ ಕಣ್ಣಿಡಬಹುದು, ಪೈಸೆ ಖರ್ಚಿಲ್ಲ. ಬರೀ ಸಾಲದ ಅಂಕ (ಸ್ಕೋರ್) ನೋಡಿ ಮುಚ್ಚಬೇಡಿ. ಕೆಳಗೆ ನಿಮ್ಮ ಹೆಸರಲ್ಲಿರುವ ಸಾಲಗಳ ಪಟ್ಟಿ ಇರುತ್ತದೆ, ನೀವು ಜಾಮೀನು ಹಾಕಿ ಮರೆತದ್ದೂ ಅಲ್ಲಿ ಕಾಣಬಹುದು. ನಿಮ್ಮದಲ್ಲದ ಸಾಲ ಕಂಡರೆ, ಕಟ್ಟಿದ್ದು ಕಟ್ಟಿಲ್ಲ ಅಂತ ತೋರಿಸಿದರೆ, ಅಲ್ಲೇ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ತಡವಾದ ದಿನಕ್ಕೆ 100 ರೂಪಾಯಿಯಂತೆ ನಿಮಗೇ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅದಿಲ್ಲದೆ ನನ್ನ ಮುಂದೆ ಬಂದು ಕೂತರೆ ಚಹಾ ಕೊಡಬಲ್ಲೆ, ಬೇರೇನೂ ಮಾಡೋಕೆ ಬರಲ್ಲ.