ಝೀರೋ ಎಕ್ಸ್‌ಪೋರ್ಟ್: ನೆಟ್ ಮೀಟರ್ ಇಲ್ಲದಿದ್ದರೆ ಮಿಕ್ಕ ಸೋಲಾರ್ ಕರೆಂಟ್ ಏನಾಗುತ್ತೆ?

ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ ಅಂದುಕೊಳ್ಳಿ. ಬಿರುಬಿಸಿಲಿನ ಮಧ್ಯಾಹ್ನ ಎರಡೂವರೆ ಕಿಲೋವ್ಯಾಟ್‌ವರೆಗೂ ಬರಬಹುದು. ಆದರೆ ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಫ್ರಿಜ್ ಒಂದು ಓಡುತ್ತಿರುತ್ತದೆ, ಅಷ್ಟೇ. ಮಿಕ್ಕ ಕರೆಂಟ್ ಎಲ್ಲಿಗೆ ಹೋಗಬೇಕು?

ನೆಟ್ ಮೀಟರ್ ಇದ್ದರೆ ತಲೆನೋವಿಲ್ಲ. ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಅದು ಬೇರೆ ಬೇರೆ ಲೆಕ್ಕ ಇಡುತ್ತದೆ. ಅದಿಲ್ಲದಿದ್ದರೆ ಎಲ್ಲವೂ ಇನ್ವರ್ಟರ್ ಮೇಲೆ, ಅಂದರೆ ಪ್ಯಾನೆಲ್‌ನ ಡಿ.ಸಿ. ಕರೆಂಟನ್ನು ಮನೆಗೆ ಬೇಕಾದ ಎ.ಸಿ.ಗೆ ಬದಲಿಸುವ ಪೆಟ್ಟಿಗೆಯ ಮೇಲೆ ನಿಂತಿದೆ.

ಆನ್‌ಗ್ರಿಡ್ ಇನ್ವರ್ಟರನ್ನು (ಬೀದಿಯ ಲೈನಿಗೆ ಜೋಡಿಸಿದ್ದು) ಹಾಗೇ ಬಿಟ್ಟರೆ ಮಿಕ್ಕ ಕರೆಂಟ್ ಬೀದಿಯ ಲೈನಿಗೆ ಹೋಗುತ್ತದೆ. ಪಕ್ಕದ ಮನೆಯ ಮಿಕ್ಸಿಯನ್ನೋ ಮೋಟಾರನ್ನೋ ಓಡಿಸುತ್ತದೆ. ಅವರು ಅದಕ್ಕೆ ಬಿಲ್ ಕಟ್ಟುತ್ತಾರೆ, ನಿಮಗೆ ಬಿಡಿಗಾಸೂ ಬರುವುದಿಲ್ಲ. ಅಷ್ಟಕ್ಕೇ ಮುಗಿದರೆ ಪರವಾಗಿಲ್ಲ. ಹಲವು ಡಿಜಿಟಲ್ ಮೀಟರ್‌ಗಳು ಹೊರಗೆ ಹೋದ ಕರೆಂಟನ್ನೂ ಒಳಗೆ ಬಂದದ್ದೆಂದೇ ಎಣಿಸುತ್ತವೆ. ವೈರ್ ಅದಲುಬದಲು ಮಾಡಿ ಯಾರೂ ಕರೆಂಟ್ ಕದಿಯಬಾರದು ಅಂತ ಅವನ್ನು ಹಾಗೆ ಮಾಡಿರುತ್ತಾರೆ. ಅಂದರೆ ನೀವು ಕೊಟ್ಟ ಕರೆಂಟಿಗೆ ನೀವೇ ದುಡ್ಡು ಕಟ್ಟಬೇಕು! ಸೋಲಾರ್ ಹಾಕುವವರು ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ಅರ್ಜಿ ಹಾಕಿ ಮೀಟರ್ ಬದಲಾಗುವ ತನಕ ಆನ್ ಮಾಡಬೇಡಿ.

ನೆಟ್ ಮೀಟರ್ ಸಿಗದ ಕಡೆ ಬಳಸುವ ಏರ್ಪಾಡೇ ಝೀರೋ ಎಕ್ಸ್‌ಪೋರ್ಟ್, ಅಂದರೆ ಹೊರಗೆ ಕರೆಂಟ್ ಬಿಡದಿರುವುದು. ಮೀಟರಿನಿಂದ ಬರುವ ಮೇನ್ ವೈರಿಗೆ ಬಳೆಯಂಥ ಒಂದು ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್, ವೈರಿನಲ್ಲಿ ಹರಿಯುವ ಕರೆಂಟ್ ಅಳೆಯುವ ಸಾಧನ) ತೊಡಿಸುತ್ತಾರೆ. ಕರೆಂಟ್ ಹೊರಕ್ಕೆ ಹರಿಯುವ ಸೂಚನೆ ಸಿಕ್ಕ ಕೂಡಲೇ ಇನ್ವರ್ಟರ್ ಪ್ಯಾನೆಲ್‌ನಿಂದ ಎಳೆದುಕೊಳ್ಳುವುದನ್ನು ತಗ್ಗಿಸುತ್ತದೆ. ಪೂರ್ತಿ ದುಡಿಯುವಾಗ ಸುಮಾರು 40 ವೋಲ್ಟ್‌ನಲ್ಲಿರುವ ಪ್ಯಾನೆಲ್, ಎಳೆಯುವವರಿಲ್ಲದಾಗ 48–49ಕ್ಕೆ ಏರಿ ನಿಲ್ಲುತ್ತದೆ. ವೋಲ್ಟೇಜ್ ಇರುತ್ತದೆ, ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಮಿಕ್ಕದ್ದು ಎಲ್ಲೋ ಸುಟ್ಟುಹೋಗುತ್ತದೆ ಅನ್ನುವುದು ತಪ್ಪು. ಅದು ಹುಟ್ಟುವುದೇ ಇಲ್ಲ. ಪ್ಯಾನೆಲ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ, ಆದರೆ ಹಾಳಾಗುವ ಭಯ ಬೇಡ.

ಬೀದಿಯ ಲೈನಿಗೆ ಸೋಲಾರ್ ಜೋಡಿಸದೆ ಬ್ಯಾಟರಿ ಇಟ್ಟುಕೊಂಡ ಆಫ್‌ಗ್ರಿಡ್ ಮನೆಯಲ್ಲೂ ಬ್ಯಾಟರಿ ತುಂಬಿದ ಮೇಲೆ ಇದೇ ಕಥೆ. ಇನ್ನು ಬೀದಿಯಲ್ಲಿ ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರ್ ಪೂರ್ತಿ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ವಾ?

ಕಳೆದುಕೊಳ್ಳುವುದನ್ನು ಕಮ್ಮಿ ಮಾಡಲು ದಾರಿ ಇದೆ. ಸಂಪಿನ ಮೋಟಾರ್, ವಾಷಿಂಗ್ ಮೆಷಿನ್ ಎಲ್ಲ ಮಧ್ಯಾಹ್ನವೇ ಓಡಲಿ, ಬೇಕಿದ್ದರೆ ಟೈಮರ್ ಹಾಕಿಸಿ. ಅದಕ್ಕಿಂತ ಮುಖ್ಯ, ಸುಮ್ನೆ ದೊಡ್ಡ ಸಿಸ್ಟಮ್ ಕೊಳ್ಳಬೇಡಿ. ತಿಂಗಳ ಬಿಲ್ಲಿನ ಯೂನಿಟ್ ನೋಡಿ ಸೈಜ್ ಹೇಳುವ ಲೆಕ್ಕ ನೆಟ್ ಮೀಟರ್ ಇದ್ದವರಿಗಷ್ಟೇ ಸರಿ. ನೀವು ನೋಡಬೇಕಾದದ್ದು ಹಗಲಿನ ಬಳಕೆ. ಬೆಳಗ್ಗೆ 9ಕ್ಕೆ ರೀಡಿಂಗ್ ಬರೆದಿಟ್ಟು ಸಂಜೆ 4ಕ್ಕೆ ಮತ್ತೆ ನೋಡಿ, ಹೀಗೆ ಒಂದು ವಾರ ಮಾಡಿ. 1 ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ನಿಮ್ಮ ಹಗಲಿನ ಖರ್ಚು 3 ಯೂನಿಟ್ ದಾಟದಿದ್ದರೆ ಆ 1 ಕಿಲೋವ್ಯಾಟೇ ಸಾಕು.